ಕರಡಿ ಮತ್ತು ಉಡ

"ನಲವತ್ತೆರಡು ಮೀಟರ್," ಎಂದಿತು ಎಡಗೈಯ ಗಡಿಯಾರ.

"ನಲವತ್ತೆರಡೂವರೆ ಮೀಟರ್," ಎಂದಿತು ಬಲಗೈಯದು.

ಪರಸಪ್ಪ ಮಾಸ್ತರು ಹುಬ್ಬು ಗಂಟಿಕ್ಕಿದರು. ಬಂಡೆಗಳ ಆಚೆ ಕುರಿಗಾರನೊಬ್ಬ ಕೂತು ರೊಟ್ಟಿ ತಿನ್ನುತ್ತಿದ್ದ. ಅವನನ್ನು ಕಣ್ಣಿಂದ ಕಾಣುವ ಮೊದಲೇ ಎರಡೂ ಗಡಿಯಾರಗಳು ಪತ್ತೆ ಮಾಡಿದ್ದವು. ಬೇರೆಯವರಾಗಿದ್ದರೆ ಇಷ್ಟಕ್ಕೇ ಭೇಷ್ ಎನ್ನುತ್ತಿದ್ದರು. ಮಾಸ್ತರು ಮಾತ್ರ ಆ ಅರ್ಧ ಮೀಟರಿನ ವ್ಯತ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದರು.

ಮಿಡಿತಶೋಧಕ ಗಡಿಯಾರ ಬಂದು ಆಗ ಎಂಟು ವರ್ಷವಾಗಿತ್ತು. ಅದಕ್ಕೂ ಮುಂಚೆ ಕಾಡುಮೇಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕಲು ನಾಯಿಯನ್ನೋ ದೇವರನ್ನೋ ನಂಬಬೇಕಿತ್ತು. ಮನುಷ್ಯನ ಹೃದಯ ಬಡಿದಾಗಲೆಲ್ಲ ಅವನ ಎದೆಗೂಡು ಕೂದಲೆಳೆಯಷ್ಟು ಅಲುಗುತ್ತದೆ. ಗಡಿಯಾರ ಕಳುಹಿಸುವ ರೇಡಿಯೋ ಅಲೆ ಬಂಡೆಯನ್ನೂ ತೂರಿಹೋಗಿ, ಆ ಅಲುಗಾಟಕ್ಕೆ ತಾಗಿ ಮರಳುತ್ತದೆ. ಹೋಗಿಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ಪ್ರಾಣಿಗಳ ಮಿಡಿತವನ್ನೂ ಕಟ್ಟಿಕೊಂಡವನ ಸ್ವಂತ ಮಿಡಿತವನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ಕೊರತೆಯೆಂದರೆ, ಅದಕ್ಕೆ ದಿಕ್ಕು ತಿಳಿಯದು. ಇಷ್ಟು ದೂರದಲ್ಲಿ ಒಬ್ಬರು ಬದುಕಿದ್ದಾರೆ ಎನ್ನುತ್ತದೆ. ಯಾವ ಕಡೆ ಎಂದು ಕೇಳಿದರೆ ಸುಮ್ಮನಿರುತ್ತದೆ.

ಮಾಸ್ತರು ಕೊಪ್ಪಳ ಸೀಮೆಯ ಹೈಸ್ಕೂಲೊಂದರ ವ್ಯಾಯಾಮ ಶಿಕ್ಷಕರು. ಭಾನುವಾರ ಬಂತೆಂದರೆ ಬಂಡೆಗುಡ್ಡ ಹತ್ತಬೇಕು, ಗಡಿಯಾರ ಪರೀಕ್ಷಿಸಬೇಕು, ಬೇರೆ ಹುಚ್ಚಿಲ್ಲ. ಮಿಡಿತಶೋಧಕದ ಹಳೆಯ ಮಾದರಿ 'ಕರಡಿ', ದಪ್ಪನೆಯದು, ಅವರ ಕೈಯಲ್ಲಿ ಆರು ವರ್ಷ ಸವೆದಿತ್ತು. ಹೊಸ ಮಾದರಿ 'ಉಡ'ವನ್ನು ಬಳಸಿ ಅಭಿಪ್ರಾಯ ಹೇಳಿ ಎಂದು ಪ್ರಯೋಗಾಲಯದವರೇ ಕಳುಹಿಸಿದ್ದರು. ಅಭಿಪ್ರಾಯ ಕೇಳಿ ಅವರು ಕೆಟ್ಟರು. ಪ್ರತಿ ಸೋಮವಾರ ಅದನ್ನು ರೂಪಿಸಿದ ಡಾ. ಜಲಜಾಕ್ಷಿಯವರಿಗೆ ಫೋನು ಹೋಗುತ್ತಿತ್ತು.

"ಮೇಡಂರೀ, ಕರಡಿ ತೂಕ ಜಾಸ್ತಿ ಐತ್ರಿ, ಖರೆ. ಆದ್ರ ಅದರ ಗುಂಡಿ ದೊಡ್ಡವು, ಬೆವರಗೈಲೆ ಒತ್ತಿದ್ರೂ ಕೇಳ್ತಾವ. ಉಡ ಹಗೂರ ಐತಿ, ಬಿಸಲಾಗ ಅಂಕಿ ಚಂದ ಕಾಣ್ತಾವ, ಚಾರ್ಜಿನ ಕಾಟ ಇಲ್ಲ. ಮೊನ್ನೆ ಎರಡನ್ನೂ ಗುಡ್ಡದ ಮ್ಯಾಲಿಂದ ಒಗದು ನೋಡೀನ್ರಿ."

"ಎಂತದು, ಬಿಸಾಡಿದ್ರಾ? ಆ ಪರೀಕ್ಷೆ ಎಲ್ಲ ನಾವು ಇಲ್ಲೇ ಮಾಡಿ ಆಗಿದೆ ಮಾರಾಯ್ರೆ!"

"ನೀವು ಒಳಗ ಕುಂತು ಒಗದೀರಿ, ನಾ ಇಲ್ಲಿ ಒಗದೀನಿ. ಎರಡಕ್ಕೂ ಏನೂ ಆಗಿಲ್ಲ ಬಿಡ್ರಿ. ಆದ್ರ ನಿಮ್ಮ ಉಡ ಸುಳ್ಳು ಹೇಳ್ತೈತಿ. ಒಮ್ಮೆ ಅರ್ಧ ಮೀಟರ್ ಹೆಚ್ಚು, ಒಮ್ಮೆ ಅರ್ಧ ಮೀಟರ್ ಕಮ್ಮಿ."

"ಸುಳ್ಳು ಕರಡಿಯದ್ದೂ ಇರಬಹುದಲ್ಲ?"

"ಕರಡಿ ಸುಳ್ಳು ಹೇಳಂಗಿಲ್ರಿ," ಎಂದು ಮಾಸ್ತರು ಕಡ್ಡಿ ತುಂಡುಮಾಡಿದ ಹಾಗೆ ಹೇಳಿದರು.

ಆರು ತಿಂಗಳು ಇದನ್ನೇ ಕೇಳಿ ಡಾಕ್ಟರಿಗೆ ರೋಸಿಹೋಯಿತು. ಏಪ್ರಿಲಿನ ಒಂದು ಭಾನುವಾರ ತಾವೇ ಬಂದುಬಿಟ್ಟರು. ಬೆಳಗಿನ ಹತ್ತಕ್ಕೇ ಬಂಡೆಗಳು ಹಂಚಿನಂತೆ ಕಾದಿದ್ದವು.

"ನೋಡಿ ಮಾಸ್ಟ್ರೆ, ನಾನು ಹೋಗಿ ಎಲ್ಲಾದರೂ ಅಡಗಿ ಕೂತು ಸೀಟಿ ಹೊಡೆಯುತ್ತೇನೆ. ನೀವು ಉಡ ನೋಡಿ ದೂರ ಬರೆದುಕೊಳ್ಳಿ. ಆಮೇಲೆ ಟೇಪು ಹಿಡಿದು ಅಳೆಯುವ. ಆ ಕರಡಿಯನ್ನು ಮೊದಲು ಬಿಚ್ಚಿಡಿ. ಎರಡೆರಡು ಕಟ್ಟಿಕೊಂಡರೆ ನಿಮಗೆ ತಲೆ ಕೆಡುವುದೇ."

ಮಾಸ್ತರು ಕರಡಿಯನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡರು. ಡಾಕ್ಟರು ಬಂಡೆಗಳ ನಡುವೆ ಮರೆಯಾದದ್ದೇ ತಡ, ಮತ್ತೆ ಕಟ್ಟಿಕೊಂಡರು.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಸೀಟಿ ಕೇಳಿಸಲಿಲ್ಲ. ಕೂಗಿದರೆ ಉತ್ತರವಿಲ್ಲ. ಫೋನು ಹತ್ತಲಿಲ್ಲ. ಗಡಿಯಾರ ಮಾತ್ರ ಮೂವತ್ತೆಂಟು ಮೀಟರ್ ದೂರದಲ್ಲಿ ಒಂದು ಹೃದಯ ನಿಮಿಷಕ್ಕೆ ನೂರಾ ಹದಿನೆಂಟು ಸಲ ಬಡಿಯುತ್ತಿದೆ ಎಂದು ತೋರಿಸಿತು. ಸುಮ್ಮನೆ ಅಡಗಿ ಕೂತವರ ಮಿಡಿತ ಹಾಗಿರುವುದಿಲ್ಲ.

ಆ ಗುಡ್ಡ ನೋಡಿದವರಿಗೆ ಅವರ ಕಷ್ಟ ಅರ್ಥವಾದೀತು. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ. ನಡುವೆ ನೂರಾರು ಸಂದುಗಳು, ಕೆಲವು ಬಾವಿಯಷ್ಟು ಆಳ. ಮೂವತ್ತೆಂಟು ಮೀಟರ್ ಎಂದರೆ ಸುತ್ತ ಎತ್ತಲಾದರೂ ಆಗಬಹುದು. ನೆಟ್ಟಗೆ ಹತ್ತು ಹೆಜ್ಜೆ ಇಡಲು ಒಂದು ಬಂಡೆಯನ್ನೇ ಬಳಸಿ ಬರಬೇಕು. ಅಷ್ಟರಲ್ಲಿ ಅಂಕಿ ಏರುತ್ತದೆ, ಇಳಿಯುತ್ತದೆ, ಏನೂ ತಿಳಿಯುವುದಿಲ್ಲ. ಊರವರನ್ನು ಕರೆಯೋಣವೆಂದರೆ, ಹತ್ತು ಜನ ಬಂದರೆ ಗಡಿಯಾರಕ್ಕೆ ಹತ್ತು ಮಿಡಿತ ಸಿಗುತ್ತವೆ. ಮಾಸ್ತರು ಒಬ್ಬರೇ ಹುಡುಕಬೇಕಿತ್ತು. ಒಂದು ಗಂಟೆ ಹುಡುಕಿದರು. ಮಿಡಿತ ನೂರಾ ನಲವತ್ತಕ್ಕೆ ಏರಿತು. ಇನ್ನೊಂದು ಗಂಟೆ ಆ ಕಾವಿನಲ್ಲಿ ಬಿದ್ದಿದ್ದರೆ ಆ ಹೆಣ್ಣುಮಗಳು ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಒಂದು ಬಂಡೆ ಏರಲು ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಅಂಚುಗಳನ್ನು ಹಿಡಿದಾಗ ಗಡಿಯಾರಗಳು ಮಾತಾಡಿದವು.

"ಮೂವತ್ತು," ಎಂದಿತು ಎಡಗೈಯ ಕರಡಿ.

"ಮೂವತ್ತೊಂದೂವರೆ," ಎಂದಿತು ಬಲಗೈಯ ಉಡ.

"ನಿನ್ನ ಹೆಣಾ ಎತ್ಲಿ! ಇಂಥಾ ಹೊತ್ತಿನಾಗೂ ಸುಳ್ಳೇನು?" ಎಂದು ಮಾಸ್ತರು ರೇಗಿದರು. ಒಂದೂವರೆ ಮೀಟರ್! ಇಷ್ಟು ದೊಡ್ಡ ಸುಳ್ಳನ್ನು ಉಡ ಎಂದೂ ಹೇಳಿರಲಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಬೇರೆ ಯಾರೂ ಮಾಡದ ಕೆಲಸವನ್ನು ಅವರು ಆಗ ಮಾಡಿದರು. ಬಂಡೆಯ ಮೇಲೆ ಕೂತು ಎರಡನ್ನೂ ಬಿಚ್ಚಿ, ಕೈ ಅದಲುಬದಲು ಮಾಡಿ ಕಟ್ಟಿ, ಮತ್ತೆ ಹಾಗೇ ಕೈ ಚಾಚಿದರು.

"ಮೂವತ್ತು," ಎಂದಿತು ಎಡಗೈಯ ಉಡ.

"ಮೂವತ್ತೊಂದೂವರೆ," ಎಂದಿತು ಬಲಗೈಯ ಕರಡಿ.

ಕರಡಿಯೂ ಸುಳ್ಳು ಹೇಳಿತೆ? ಮಾಸ್ತರು ಚಾಚಿದ ಕೈಗಳನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ ನೋಡಿದರು. ಆಗ ಹೊಳೆಯಿತು. ಎರಡೂ ನಿಜ ಹೇಳುತ್ತಿದ್ದವು, ಆರು ತಿಂಗಳಿಂದಲೂ! ಡಾಕ್ಟರು ಬಿದ್ದಿದ್ದ ಜಾಗಕ್ಕೆ ಅವರ ಎಡಗೈ ಬಲಗೈಗಿಂತ ಒಂದೂವರೆ ಮೀಟರ್ ಹತ್ತಿರವಿತ್ತು, ಅಷ್ಟೆ.

ಮುಂದಿನದು ಅವರಿಗೆ ನೀರು ಕುಡಿದಷ್ಟು ಸುಲಭ. ಮೂವತ್ತು ವರ್ಷ ಮೈದಾನದಲ್ಲಿ ಮಾಡಿಸಿದ ಕವಾಯತೇ ತಾನೆ? ಎರಡೂ ಕೈ ಪಕ್ಕಕ್ಕೆ ಚಾಚು. ಎಡಗೈ ಕಡಿಮೆ ಹೇಳಿದರೆ ಎಡಕ್ಕೆ ತಿರುಗು, ಬಲಗೈ ಕಡಿಮೆ ಹೇಳಿದರೆ ಬಲಕ್ಕೆ. ಎರಡೂ ಒಂದೇ ಹೇಳಿದಾಗ ನೆಟ್ಟಗೆ ಮುಂದೆ ನೋಡು. ನಾಲ್ಕು ಬಂಡೆ ದಾಟಿದರು. ಪ್ರತಿ ಬಂಡೆಯ ನೆತ್ತಿಯಲ್ಲೂ ಕೈ ಚಾಚಿ ನಿಂತು ದಿಕ್ಕು ಹಿಡಿದರು. ಐದನೆಯದರ ಬುಡದ ಸಂದಿಯಲ್ಲಿ ಡಾಕ್ಟರ ಕೆಂಪು ದುಪಟ್ಟಾ ಕಂಡಿತು.

ಕಾಲಿಟ್ಟ ಕಲ್ಲು ಹೊರಳಿ ಅವರು ಒಳಕ್ಕೆ ಜಾರಿದ್ದರು. ಬಿದ್ದಾಗ ಪ್ರಜ್ಞೆ ತಪ್ಪಿತ್ತು. ಎಚ್ಚರವಾದಾಗ ಗಂಟಲಲ್ಲಿ ದನಿಯಿರಲಿಲ್ಲ. ಮಾಸ್ತರು ಹೆಗಲ ಹಗ್ಗ ಬಿಟ್ಟು ಮೇಲೆತ್ತಿ, ನೀರು ಕುಡಿಸಿ, ನೆರಳಿಗೆ ಮಲಗಿಸಿದರು. ಡಾಕ್ಟರ ಕಣ್ಣು ಅವರ ಕೈಗಳ ಮೇಲೆ ಹೋಯಿತು.

"ಕರಡಿಯನ್ನು ಬಿಚ್ಚಿಡಿ ಅಂದಿದ್ದೆನಲ್ಲ?"

"ಬಿಚ್ಚಿದ್ದೆನ್ರೀ... ಆಮ್ಯಾಲ ಕಟ್ಟಿಕೊಂಡೆ. ತಪ್ಪಾತೇನ್ರಿ?"

ಜಲಜಾಕ್ಷಿ ನಗಲು ಹೋಗಿ ಅತ್ತುಬಿಟ್ಟರು. "ನಿಮ್ಮ ಹಟಕ್ಕೆ ನಾನು ಸಾಯುವವರೆಗೂ ಋಣಿ ಮಾಸ್ಟ್ರೆ. ಮೇಲೆ ನೋಡಿದರೆ ಆಕಾಶದಲ್ಲಿ ಯಾರೋ ಎರಡೂ ತೋಳು ಚಾಚಿ ನಿಂತಿದ್ದರು. ಇನ್ನು ಹೆದರಿಕೆ ಇಲ್ಲ ಅನ್ನಿಸಿತು ನನಗೆ."

"ನಾ ನಿಮ್ಮ ಗಡಿಯಾರಗೋಳಿಗೆ ಋಣಿರಿ. ಪಾಪ, ಆರು ತಿಂಗಳು ಸುಮ್ನ ಬೈದೆ."

ಆ ವರ್ಷದಿಂದ ಮಿಡಿತಶೋಧಕವನ್ನು ಜೋಡಿಯಾಗಿಯೇ ಕೊಡತೊಡಗಿದರು. ಎರಡು ಗಡಿಯಾರದವರು ಎಂದು ಜನ ಮೊದಮೊದಲು ಗೇಲಿ ಮಾಡಿದರು, ಆಮೇಲೆ ಒಗ್ಗಿಹೋಯಿತು. ಮೂರು ವರ್ಷದ ಮೇಲೆ ಜಲಜಾಕ್ಷಿಯವರೇ ಒಂದೇ ಗಡಿಯಾರದಲ್ಲಿ ದಿಕ್ಕು ತೋರಿಸುವ ಉಪಾಯ ಕಂಡುಹಿಡಿದರು. ಕೈ ಚಾಚುವ ಗೋಜಿಲ್ಲ, ಮುಳ್ಳು ನೋಡಿಕೊಂಡು ನಡೆದರೆ ಸಾಕು. ಅದನ್ನು ಮೊದಲು ಮಾಸ್ತರಿಗೇ ಕಳುಹಿಸಿದರು. ಸೋಮವಾರ ಫೋನು ಬಂತು.

"ಗಡಿಯಾರ ಭಾಳ ಛಲೋ ಐತ್ರಿ ಮೇಡಂ. ಆದ್ರ ಬ್ಯಾಡ್ರಿ."

"ಯಾಕೆ? ಈಗ ಇದು ಎಷ್ಟು ಸುಳ್ಳು ಹೇಳುತ್ತದೆ?"

"ಸುಳ್ಳು ಏನೂ ಹೇಳಂಗಿಲ್ರಿ. ದಾರಿ ತಪ್ಪಿದ ಮಂದಿ ಭಾಳ ಅಂಜಿರ್ತಾರ. ಯಾರರ ಬಂದ್ರ ಬಚ್ಚಿಟ್ಟುಕೋತಾರ, ಸಣ್ಣ ಮಕ್ಕಳಂತೂ ಬಾಯೇ ಬಿಡಂಗಿಲ್ಲ. ಮೊನ್ನೆ ಮೇಕಿ ಹಿಂದ ಹೋಗಿ ನಾಕ್ ವರ್ಸದ ಹುಡುಗಿ ಕಳದಿತ್ತು. ಎರಡು ಗಡಿಯಾರ ಕಟ್ಟಿಕೊಂಡು ನಾನ ಹೋಗಿದ್ದೆ. ಇನ್ನೂ ಹನ್ನೊಂದು ಮೀಟರ್ ಅಂತಿದ್ವು. ಕೈ ಚಾಚಿ ನಿಂತಿದ್ದೆ ನೋಡ್ರಿ, ತಾನ ಎದ್ದು ಓಡಿಬಂದು ತೆಕ್ಕಿಗೆ ಬಿತ್ತು."

ಜಲಜಾಕ್ಷಿ ಕೇಳಿದರು, "ಆಗ ಗಡಿಯಾರಗಳು ಏನು ಹೇಳಿದವು ಮಾಸ್ಟ್ರೆ?"

ಮಾಸ್ತರು ನೋಟ್‌ಬುಕ್ಕಿನ ಹಾಳೆ ತಿರುವಿದ ಸದ್ದು ಕೇಳಿಸಿತು.

"ಬರದೀನ್ರಿ. ಕರಡಿ, ಸೊನ್ನೆ. ಉಡ, ಸೊನ್ನೆ. ವ್ಯತ್ಯಾಸ ಏನೂ ಇಲ್ರಿ."