ಮೂರು ಕಣ್ಣಿನವನ ಮನೆಗೆ ಇನ್ನೊಮ್ಮೆ

“ಹೇಳದೆ ಹೊರಡುವುದಾ?” ಎಂದು ಅಜ್ಜಿ ಕೇಳಿದಾಗ ಪ್ರಿಯಂವದಾಳ ರಾಕೆಟ್ ಇನ್ನೇನು ನೆಲ ಬಿಡುವುದರಲ್ಲಿತ್ತು.

“ಯಾರಿಗೆ ಹೇಳುವುದು ಅಜ್ಜಿ? ಇದು ಗೇಮ್.”

“ಅವನಿಗೆ.” ಅಜ್ಜಿ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದರು. ಕೆಂಪು ನೆಲದ ಆ ಗ್ರಹದಲ್ಲಿ, ಎಳೆ ಹಲಸಿನಕಾಯಿಯಷ್ಟು ದೊಡ್ಡ, ಮೂರು ಕಣ್ಣಿನ ಪ್ರಾಣಿಯೊಂದು ನಿಂತಿತ್ತು. ರಾಕೆಟಿನ ಕುಡಿಯುವ ನೀರಿನ ಟ್ಯಾಂಕು ತುಂಬಿಸಿ ಕೊಟ್ಟದ್ದು ಅದೇ. “ಬೆಲ್ಲ ಇಲ್ಲದಿದ್ದರೂ ಬಂದವರಿಗೆ ನೀರು ಕೊಟ್ಟನಲ್ಲ. ಮರ್ಯಾದೆ ಗೊತ್ತುಂಟು ಅವನಿಗೆ.”

“ಸರಿ. ಹೋಗ್ತೇನೆ,” ಎಂದಳು ಪ್ರಿಯಂವದಾ, ಪರದೆಗೆ.

“ಹೋಗ್ತೇನೆ ಅಂತ ಹೇಳ್ತಾರಾ? ಬರ್ತೇನೆ ಅಂತ ಹೇಳು.”

“ಬರ್ತೇನೆ.”

“ನಾನೂ ಬರ್ತೇನೆ, ಆಯ್ತಾ,” ಎಂದರು ಅಜ್ಜಿ. ಮೂರು ಕಣ್ಣುಗಳು ಪಿಳಿಪಿಳಿ ಎಂದವು. ಕೋಣೆಯ ಬಾಗಿಲು ಹಾಕಿತ್ತು, ಬೇರೆ ಯಾರೂ ನೋಡಲಿಲ್ಲ. ಪ್ರಿಯಂವದಾಳಿಗೆ ಅದೊಂದೇ ಸಮಾಧಾನ.

ಲ್ಯಾಪ್‌ಟಾಪ್ ಅವಳದಲ್ಲ. ಪಕ್ಕದ ಓಣಿಯ ಕಾರ್ಲ್‌ನ ಪಪ್ಪನದು. ಬನ್ನಂಜೆಯಲ್ಲಿ ಅಷ್ಟು ಹಳೆಯ ಲ್ಯಾಪ್‌ಟಾಪ್ ಇನ್ನೊಂದಿರಲಿಕ್ಕಿಲ್ಲ. ಆಟವೂ ಹಳೆಯದೇ. ಗುಂಡು ಹಾರಿಸಲಿಕ್ಕಿಲ್ಲ, ಪಾಯಿಂಟ್ಸ್ ಇಲ್ಲ. ರಾಕೆಟ್ ಹತ್ತಿ ಗ್ರಹದಿಂದ ಗ್ರಹಕ್ಕೆ ಹೋಗುವುದು, ಇಳಿಯುವುದು, ನೋಡುವುದು. ಕಟ್ಟಕಡೆಗೆ ‘ಕೊನೆಯ ನಕ್ಷತ್ರ’ ಅಂತ ಒಂದುಂಟು. ಅಲ್ಲಿಗೆ ಮುಟ್ಟಿದರೆ ಆಟ ಮುಗಿಯಿತು.

“ನಾನು ಮುಟ್ಟಿದ್ದೇನೆ. ನಾನು ಬರುವುದರೊಳಗೆ ನಿನ್ನಿಂದ ಆಗ್ಲಿಕ್ಕಿಲ್ಲ,” ಎಂದಿದ್ದ ಕಾರ್ಲ್, ದಸರಾ ರಜೆಗೆ ಕಾರ್ಕಳಕ್ಕೆ ಹೊರಡುವಾಗ ಲ್ಯಾಪ್‌ಟಾಪನ್ನು ಅವಳ ಕೈಗೆ ಕೊಟ್ಟು. “ಬೆಟ್ಸ್. ಸೋತವರು ಕ್ಲಾಸಿನಲ್ಲಿ ಎಲ್ಲರ ಮುಂದೆ ‘ನಾನು ಸೋತೆ’ ಅಂತ ಜೋರಾಗಿ ಹೇಳಬೇಕು.”

“ನಿನ್ನ ಪಪ್ಪ ಮುಟ್ಟಿದ್ದಾರಾ?”

“ಯಾವಾಗಲೋ. ಆದ್ರೂ ಭಾನುವಾರ ಭಾನುವಾರ ಆಡ್ತಾರೆ. ಯಾಕೆ ಅಂತ ಕೇಳಿದರೆ, ಸುಮ್ಮನೆ ತಿರುಗಾಡ್ಲಿಕ್ಕೆ ಅಂತಾರೆ.” ದೊಡ್ಡವರ ತಲೆ ಹೇಗೆ ಓಡುತ್ತದೆ ಎಂದು ಇಬ್ಬರಿಗೂ ಗೊತ್ತಾಗಿರಲಿಲ್ಲ.

ರಜೆ ಮುಗಿಯುತ್ತಾ ಬಂತು. ಕಾರ್ಲ್ ಬರುವ ಹಿಂದಿನ ಸಂಜೆ ಪ್ರಿಯಂವದಾಳ ರಾಕೆಟಿನಲ್ಲಿ ಒಂದೇ ಒಂದು ಹಾರಾಟಕ್ಕೆ ಸಾಕಾಗುವಷ್ಟು ಇಂಧನ ಉಳಿದಿತ್ತು. ಕೊನೆಯ ನಕ್ಷತ್ರ ಎದುರಿಗೇ ಮಿನುಗುತ್ತಿತ್ತು.

“ಆ ಮೂರು ಕಣ್ಣಿನವನ ಮನೆಗೆ ಯಾವಾಗ ಹೋಗುವುದು?” ಅಲಸಂಡೆ ಮುರಿಯುತ್ತಾ ಕುಳಿತಿದ್ದ ಅಜ್ಜಿ ಕೇಳಿದರು.

“ಅಲ್ಲಿಗೆ ಹೋದರೆ ಪೆಟ್ರೋಲ್ ಖಾಲಿ ಅಜ್ಜಿ. ನಾನು ಸೋಲ್ತೇನೆ.”

“ಬರ್ತೇನೆ ಅಂತ ಹೇಳಿದ್ದೆಯಲ್ಲ?”

“ಅದು ಸುಮ್ಮನೆ ಹೇಳುವುದಲ್ವಾ?”

“ನಾನು ಸುಮ್ಮನೆ ಹೇಳಲಿಲ್ಲಪ್ಪ,” ಎಂದರು ಅಜ್ಜಿ. ಇನ್ನೊಂದು ಅಲಸಂಡೆ ಮುರಿದರು. ಬೈದಿದ್ದರಾದರೂ ಜಗಳ ಮಾಡಬಹುದಿತ್ತು.

ಪ್ರಿಯಂವದಾಳಿಗೆ ಸಿಟ್ಟು ಬಂತು. ನಕ್ಷತ್ರದ ಮೇಲೆ ಬಾಣದ ಗುರುತು ಇಟ್ಟಳು. ಒತ್ತಿದರೆ ಆಯಿತು. ಅಷ್ಟರಲ್ಲಿ ಅಜ್ಜಿ ಕಾಲು ನೀಡಿ ಮಂಡಿ ಒತ್ತಿಕೊಳ್ಳುವುದು ಕಾಣಿಸಿತು. ಬೇಸಿಗೆ ರಜೆ ಮುಗಿದು ತಮ್ಮ ಊರು ಇನ್ನಂಜೆಗೆ ಹೊರಟಾಗಲೂ ಅಜ್ಜಿ ‘ಬರ್ತೇನೆ’ ಎಂದೇ ಹೇಳಿದ್ದರು. ಈ ಮಂಡಿ ಇಟ್ಟುಕೊಂಡು, ಎರಡು ಬಸ್ಸು ಹತ್ತಿ ಇಳಿದು, ಈ ದಸರಾಕ್ಕೆ ಬಂದಿದ್ದರು.

ಅವಳು ಬಾಣವನ್ನು ಕೆಂಪು ಗ್ರಹಕ್ಕೆ ಎಳೆದು ಒತ್ತಿಬಿಟ್ಟಳು. 

ಮೂರು ಕಣ್ಣಿನವನು ಬಿಟ್ಟಲ್ಲೇ ನಿಂತಿದ್ದ. ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳು ಮೂಡಿದವು.

“ಎಂತ ಹೇಳ್ತಾನೆ?” ಎಂದರು ಅಜ್ಜಿ.

ಪ್ರಿಯಂವದಾ ಮೆಲ್ಲನೆ ಓದಿ ಕನ್ನಡದಲ್ಲಿ ಹೇಳಿದಳು. “ತಿರುಗಿ ಬಂದಿರಾ? ಇಲ್ಲಿಗೆ ಯಾರೂ ತಿರುಗಿ ಬಂದದ್ದಿಲ್ಲ.”

“ಪಾಪ,” ಎಂದರು ಅಜ್ಜಿ. ಅವನು ನೀರು ಕೊಟ್ಟ. ಆಕಾಶದಲ್ಲಿ ಎರಡು ಚಂದ್ರರು ಹುಟ್ಟಿದರು. ಹೊರಡಲು ಇಂಧನವಿಲ್ಲದ್ದರಿಂದ ಇಬ್ಬರೂ ಅದನ್ನೇ ನೋಡುತ್ತಾ ಕುಳಿತರು. ಅಲಸಂಡೆ ಪಲ್ಯ ಅಂದು ತಡವಾಯಿತು.

ಮರುದಿನ ಅವಳು ಲ್ಯಾಪ್‌ಟಾಪ್ ತೆಗೆದುಕೊಂಡು ಕಾರ್ಲ್‌ನ ಮನೆಗೆ ಹೋದಳು. ನಕ್ಷತ್ರ ಮುಟ್ಟಲಿಲ್ಲ ಎಂದು ಅವಳು ಹೇಳಿದ್ದೇ ತಡ, ಕಾರ್ಲ್ ಬಾಗಿಲಲ್ಲೇ ಕುಣಿದ. “ಮುಟ್ಟಲಿಲ್ಲ! ನಾಳೆ ಕ್ಲಾಸಿನಲ್ಲಿ ಹೇಳಬೇಕು!”

“ಹೇಳ್ತೇನೆ,” ಎಂದಳು ಪ್ರಿಯಂವದಾ. ನಡೆದದ್ದನ್ನೂ ಹೇಳಿದಳು.

ಒಳಗೆ ಚಾ ಕುಡಿಯುತ್ತಿದ್ದ ಕಾರ್ಲ್‌ನ ಪಪ್ಪ, ಜಾರ್ಜ್ ಅಂಕಲ್, ಲೋಟ ಕೆಳಗಿಟ್ಟರು. “ಎಂತ? ಅವನು ಮಾತಾಡಿದನಾ?”

“ಹೌದು ಅಂಕಲ್. ಎರಡನೇ ಸಲ ಹೋದಾಗ.”

“ನಾನು ನಿಮ್ಮಷ್ಟು ಇದ್ದಾಗಿನಿಂದ ಆಡ್ತೇನೆ ಮಾರಾಯ್ತಿ. ಎಲ್ಲೆಲ್ಲೋ ತಿರುಗಿದೆ. ಅವನಲ್ಲಿಗೆ ಮಾತ್ರ ಇನ್ನೊಮ್ಮೆ ಹೋಗಲೇ ಇಲ್ಲ.” ಅವರು ಲ್ಯಾಪ್‌ಟಾಪ್ ತೆರೆದು ಕುಳಿತರು. ಚಾ ಅಲ್ಲೇ ಆರುತ್ತಿತ್ತು. ಕಾರ್ಲ್ ಕುಣಿಯುವುದನ್ನು ಬಿಟ್ಟು ಪಪ್ಪನ ಹೆಗಲ ಮೇಲಿಂದ ಇಣುಕಿದ.

 ಪ್ರಿಯಂವದಾ ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡಳು.

“ಬರ್ತೇನೆ,” ಎಂದಳು.

ದಿನಾ ಹೇಳುವ ಮಾತೇ. ಇವತ್ತು ಗೇಟಿನ ತನಕ ಹೋದವಳು, ತಿರುಗಿ ಆ ಮನೆಯನ್ನು ಒಮ್ಮೆ ಸರಿಯಾಗಿ ನೋಡಿಕೊಂಡಳು.