ಯೆಜ್ಡಿಯ ಬ್ರೇಕು ಕಿರುಚದ ದಿನ

"ಗಟ್ಟಿಯಾಗಿ ಹಿಡ್ಕೋ ಮಗಾ!"

ತಾತ ಕೂಗಿದ್ದೇ ತಡ, ಅನು ಎರಡೂ ಕೈಯಿಂದ ಅವರ ಸೊಂಟ ತಬ್ಬಿಕೊಂಡಳು. ಮೈಸೂರಿನ ಹಿನಕಲ್ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಿತ್ತು. ಎಲ್ಲ ಗಾಡಿಗಳೂ ನಿಂತಿದ್ದವು. ತಾತನ ಯೆಜ್ಡಿ ಬೈಕು ಮಾತ್ರ ನಿಲ್ಲುತ್ತಲೇ ಇಲ್ಲ!

ಮುಂದೆ ಒಂದು ಆಟೋ ಇತ್ತು. ತಾತ ಮುಂದಿನ ಬ್ರೇಕನ್ನು ಅಮುಕಿ ಹಿಡಿದು, ಎರಡೂ ಚಪ್ಪಲಿಗಳನ್ನು ರಸ್ತೆಗೆ ಉಜ್ಜುತ್ತಾ ಹೇಗೋ ಗಾಡಿ ನಿಲ್ಲಿಸಿದರು. ಆಟೋಗೂ ಬೈಕಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು, ಅಷ್ಟೆ.

"ಏನ್ ಯಜಮಾನ್ರೇ, ಬೆಳಿಗ್ಗೆ ಬೆಳಿಗ್ಗೇನೇ ಸರ್ಕಸ್ಸಾ?" ಆಟೋ ಡ್ರೈವರ್ ತಲೆ ಹೊರಗೆ ಹಾಕಿ ಕೇಳಿದ.

ತಾತ ಅವನ ಕಡೆ ನೋಡಲೇ ಇಲ್ಲ. ತಮ್ಮ ಬಲಗಾಲನ್ನೇ ನೋಡುತ್ತಿದ್ದರು.

"ಬ್ರೇಕ್ ತುಳ್ದೆ ಅಂದ್ಕೊಂಡೆ. ಕಾಲು ನನ್ ಮಾತೇ ಕೇಳ್ಲಿಲ್ಲ ಕಣವ್ವ," ಎಂದರು.

ಅಲ್ಲಿಂದ ಮನೆಯವರೆಗೂ ಗಾಡಿ ತಳ್ಳಿಕೊಂಡೇ ಬಂದರು. ಬಂದವರೇ ಮೆಕ್ಯಾನಿಕ್ ಮೂಗಯ್ಯನವರಿಗೆ ಫೋನ್ ಮಾಡಿದರು.

"ನಾಳೆ ಬಂದು ಗಾಡಿ ತಗೊಂಡೋಗಪ್ಪ. ಯಾರಾದ್ರೂ ಒಳ್ಳೆಯೋರಿಗೆ ಕೊಟ್ಬುಡು. ಗಾಡಿಗೇನೂ ಆಗಿಲ್ಲ. ನಂಗೇ ವಯಸ್ಸಾಗೋಯ್ತು."

ಅನುವಿನ ಎದೆ ಧಸಕ್ಕೆಂದಿತು.

ಇದೇ ಮೈಸೂರಿನಲ್ಲಿ ತಯಾರಾದ ಗಾಡಿ ಅದು. ತಾತ ಅದನ್ನು ಕೊಂಡಾಗ ಅನುವಿನ ಅಪ್ಪನೇ ಹುಟ್ಟಿರಲಿಲ್ಲ. ಈಗ ಅವಳನ್ನು ಸ್ಕೂಲಿಗೆ ಬಿಡುವುದೂ ಅದೇ, ಡ್ರಾಯಿಂಗ್ ಕ್ಲಾಸಿಗೆ ಕರೆದೊಯ್ಯುವುದೂ ಅದೇ. ಅಂಥದ್ದನ್ನು ತಾತ ಯಾರಿಗೋ ಕೊಟ್ಟುಬಿಡುವುದೆ?

ಆದರೆ ಅವಳ ಎದೆ ಧಸಕ್ಕೆನ್ನಲು ಇನ್ನೊಂದು ಕಾರಣವೂ ಇತ್ತು.

ಯೆಜ್ಡಿಯ ಹಿಂದಿನ ಬ್ರೇಕು ತುಳಿದಾಗಲೆಲ್ಲ 'ಕೀಂಯ್ಯ್' ಎಂದು ಕಿರುಚುತ್ತಿತ್ತು. "ನಿಮ್ ತಾತನ್ ಗಾಡಿ ಹಂದಿ ಸಾಕ್ಕೊಂಡಿದ್ಯಾ?" ಎಂದು ಕ್ಲಾಸಿನ ಸುಪ್ರೀತ್ ಎಲ್ಲರೆದುರು ಕೇಳಿದ್ದ. ಆಯುಧಪೂಜೆಯ ಹಿಂದಿನ ದಿನ ತಾತ ಗಾಡಿ ತೊಳೆದು ಸ್ನಾನಕ್ಕೆ ಹೋದಾಗ, ಅನು ತೀರಿಹೋದ ಅಜ್ಜಿಯ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ ತಂದಳು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತದೆ, ಬ್ರೇಕಿಗೆ ಯಾಕೆ ಆಗಬಾರದು? ಹಿಂದಿನ ಚಕ್ರದ ಸಂದಿಯಲ್ಲಿ ಡಬ್ಬಿ ಖಾಲಿಯಾಗುವಷ್ಟು ಸುರಿದಳು.

ಪೂಜೆಯ ದಿನ ಗಾಡಿ ನಿಂಬೆಹಣ್ಣಿನ ಮೇಲೆ ಎರಡು ಮಾರು ಹೋಗಿ ನಿಂತಿತ್ತು. ಮಾರನೆಯ ದಿನ ಜಂಬೂಸವಾರಿಯ ಜನಜಂಗುಳಿಯಲ್ಲಿ ಅದನ್ನು ಹೊರಗೆ ತೆಗೆದಿರಲೇ ಇಲ್ಲ. ಇವತ್ತೇ ಮೊದಲು ತೆಗೆದದ್ದು. ಇವತ್ತು ಬ್ರೇಕು ಕಿರುಚಲಿಲ್ಲ, ಹಿಡಿಯಲೂ ಇಲ್ಲ.

ತಾತನನ್ನು ಕೇಳದೆ ಗಾಡಿ ಮುಟ್ಟುವ ಹಾಗಿಲ್ಲ ಎನ್ನುವುದು ಮನೆಯ ಕಾನೂನು. ಅಂದಮೇಲೆ ಹೇಳುವುದು ಹೇಗೆ? ತಾತ "ಈ ಕಾಲು..." ಎಂದಾಗಲೆಲ್ಲ ಅನು ತನ್ನ ಬೆರಳು ಮೂಸಿ ನೋಡಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ!

ಮಾರನೆಯ ದಿನ ಮೂಗಯ್ಯ ಬಂದರು. ತಾತ ಕೀ ಕೊಟ್ಟು, ಗಾಡಿಯ ಟ್ಯಾಂಕನ್ನು ಟವೆಲ್ಲಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಮೂಗಯ್ಯ ಸೀಟಿನ ಮೇಲೆ ಕೂತು ಕಿಕ್ ಹೊಡೆದರು. ಗಾಡಿ ಗೇಟಿನತ್ತ ಹೊರಟಿತು.

"ಬೇಡ ಅಂಕಲ್! ಹೋಗ್ಬೇಡಿ! ಬ್ರೇಕ್ ಹಿಡಿಯಲ್ಲ!"

ಅನು ಓಡಿ ಗೇಟಿಗೆ ಅಡ್ಡ ನಿಂತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. "ನಿನ್ ಕಾಲಿಗೆ ಏನೂ ಆಗಿಲ್ಲ ತಾತ. ನಾನೇ ಎಣ್ಣೆ ಬಿಟ್ಬುಟ್ಟೆ."

ತಾತನ ಕೈ ಎದ್ದಿತು. ಏಟು ಬಿತ್ತು ಎಂದೇ ಅನು ಕಣ್ಣು ಮುಚ್ಚಿದಳು. ಆ ಕೈ ಅವಳ ತಲೆಯ ಮೇಲೆ ಬಂದು ಕೂತಿತು.

"ಹಂಗಾದ್ರೆ ಕಾಲಿನ ತಪ್ಪಲ್ವಾ?" ತಾತ ಬಲಗಾಲೆತ್ತಿ ಎರಡು ಸಲ ಝಾಡಿಸಿದರು. ಮುಖದಲ್ಲಿ ಮಗುವಿನ ಖುಷಿ.

ಮೂಗಯ್ಯ ಅಲ್ಲೇ ಅಂಗಳದಲ್ಲಿ ಹಿಂದಿನ ಚಕ್ರ ಬಿಚ್ಚಿದರು. ಒಳಗಿಂದ ಅರ್ಧಚಂದ್ರದಂಥ ಎರಡು ಬ್ರೇಕ್ ಶೂ ಹೊರಬಂದವು. ಎರಡೂ ಎಣ್ಣೆಯಲ್ಲಿ ಮಿರಮಿರ ಹೊಳೆಯುತ್ತಿದ್ದವು.

"ಇದು ಚಕ್ರದೊಳಗಿನ ಡ್ರಮ್ಮಿಗೆ ಉಜ್ಜುದ್ರೆ ತಾನೇ ಪುಟ್ಟಿ ಗಾಡಿ ನಿಲ್ಲೋದು? ಎಣ್ಣೆ ಬಿಟ್ರೆ ಜಾರ್ತದೆ," ಎಂದರು ಮೂಗಯ್ಯ. ಆಮೇಲೆ ತಾತನ ಕಡೆ ತಿರುಗಿದರು. "ಆದ್ರೆ ಅಣ್ಣ, ಮಗು ಎಣ್ಣೆ ಬಿಡ್ದೇ ಇದ್ರೂ ಇದು ಮುಗ್ದೋಗಿತ್ತು. ನೋಡಿ, ಶೂ ಮೇಲಿನ ಈ ಪಟ್ಟಿ, ಲೈನಿಂಗು, ಕಾಗದದಂಗೆ ಸವ್ದೋಗದೆ. ಅದ್ಕೇ ಅಷ್ಟು ದಿನದಿಂದ ಕಿರುಚ್ಕೊಳ್ತಿದ್ದದ್ದು."

"ಹಳೇದಕ್ಕೇ ಹೊಸ ಲೈನಿಂಗ್ ಹಾಕ್ಕೊಡು."

"ಎರಡು ಸಲ ಹಾಕಾಯ್ತು ಅಣ್ಣ. ಶೂನೂ ಸವ್ದದೆ, ಸ್ಪ್ರಿಂಗೂ ಸಡಿಲ. ಡ್ರಮ್ ಗಟ್ಟಿಯಾಗೇ ಅದೆ, ಅದು ಇರ್ಲಿ. ಇವನ್ನ ಬುಟ್ಬುಡಿ."

ತಾತ ಒಂದು ಶೂ ಕೈಗೆತ್ತಿಕೊಂಡು ಮೆಟ್ಟಿಲ ಮೇಲೆ ಕೂತು ಅನುವಿನ ಕಡೆ ತಿರುಗಿದರು.

"ಮೊದಲ್ನೇ ಸಲ ಲೈನಿಂಗ್ ಹಾಕ್ಸಿದ್ದು ನಿಮ್ಮಪ್ಪ ಕುಮಾರ ಹುಟ್ಟಿದಾಗ. ನಿಮ್ಮಜ್ಜಿ ತವರು ಇಲವಾಲದಿಂದ ಮಗೂನ ಕರ್ಕೊಂಡ್ ಬರ್ಬೇಕಿತ್ತಲ್ಲ. ಎರಡ್ನೇ ಸಲ ನಿಮ್ಮಜ್ಜಿ ಕಣ್ಣಿನ ಆಪರೇಷನ್ನಿಗೆ. ಅವಳು ಹೋದ್ಮೇಲೆ..." ತಾತ ಶೂವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಿಂದೆ ಕೂರೋರೇ ಇಲ್ವಲ್ಲ, ಯಾರಿಗೇಂತ ಮಾಡಿಸ್ಲಿ ಅಂತ ಸುಮ್ನಾದೆ."

"ನಾನಿದ್ನಲ್ಲ ತಾತ," ಎಂದಳು ಅನು.

ತಾತ ತಲೆಯೆತ್ತಿ ಅವಳನ್ನು ನೋಡಿದರು. ಆಮೇಲೆ ಶೂವನ್ನು ಮೂಗಯ್ಯನವರ ಕೈಗಿಟ್ಟರು.

"ಹೊಸದೇ ಹಾಕಪ್ಪ. ಮುಂದಿಂದೂ ಬಿಚ್ಚಿ ನೋಡ್ಬುಡು."

ಸಂಜೆ ಗಾಡಿ ಸಿದ್ಧವಾಯಿತು. ಅನು ಹಿಂದೆ ಹತ್ತಿ ಕೂತಳು. ಬೀದಿಯ ತಿರುವಿನಲ್ಲಿ ಒಂದು ಹಸು ಮೆಲ್ಲಗೆ ಅಡ್ಡ ಬಂತು. ಅನು ಬಗ್ಗಿ ತಾತನ ಕಾಲನ್ನೇ ನೋಡುತ್ತಿದ್ದಳು. ಆ ಕಾಲು ಎದ್ದಿತು. ಒಂದು ಕ್ಷಣ ಅಲ್ಲೇ ತಡೆದಂತಾಯಿತು. ಆಮೇಲೆ ಪೆಡಲ್ ಸಿಕ್ಕಿತು. ಗಾಡಿ ಹಸುವಿನ ಮುಂದೆ ಗಪ್ಪನೆ ನಿಂತಿತು.

"ನೋಡ್ದಾ, ಹೆಂಗ್ ನಿಂತ್ಕತು!"

"ಸೂಪರ್ ತಾತ," ಎಂದಳು ಅನು. ಕಾಲು ಒಂದು ಕ್ಷಣ ತಡೆದದ್ದನ್ನು ಮಾತ್ರ ಹೇಳಲಿಲ್ಲ.

"ರಿಂಗ್ ರೋಡಲ್ಲಿ ಒಂದ್ ರೌಂಡ್ ಹೊಡ್ಕೊಂಡ್ ಬರಣಾ? ಮೊದ್ಲಿನಂಗೆ?"

ರಿಂಗ್ ರೋಡೆಂದರೆ ಅನುವಿಗೆ ಪ್ರಾಣ. "ಇನ್ನೂ ಫಾಸ್ಟ್ ತಾತ" ಎಂದು ಬೆನ್ನು ಗುದ್ದುತ್ತಿದ್ದವಳು ಅವಳೇ.

"ಬೇಡ ತಾತ. ಒಳಗಿನ ರಸ್ತೇಲಿ ನಿಧಾನಕ್ಕೆ ಹೋಗಣ. ಜೋರಾಗ್ ಹೋದ್ರೆ ನಂಗೆ ಭಯ ಆಗುತ್ತೆ."

ತಾತ ಕನ್ನಡಿಯಲ್ಲಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಆಯ್ತು ಕಣವ್ವ," ಎಂದರು ಮೆತ್ತಗೆ. "ನಿಂಗ್ ಭಯ ಆಗೋದಾದ್ರೆ ನಿಧಾನಕ್ಕೇ ಹೋಗಣ."

ಹಸು ರಸ್ತೆ ದಾಟಿತು. ಯೆಜ್ಡಿ ಒಳರಸ್ತೆಯ ಕಡೆ ತಿರುಗಿತು.