ಒಂದು ಕಲ್ಲು ಕಡಿಮೆ

“ಆ ಒಂದು ಕಲ್ಲು ಬಿಟ್ಟುಬಿಡಿ ಸಾರ್,” ಎಂದ ಮೇಸ್ತ್ರಿ. “ರಿಪೇರಿಗೆ ಬಂದಾಗೆಲ್ಲ ನಮ್ಮಜ್ಜ ಬಿಟ್ಟಿದ್ದ, ನಮ್ಮಪ್ಪನೂ ಬಿಟ್ಟಿದ್ದ.”

ಹೊಸದಾಗಿ ಬಂದಿದ್ದ ಎಂಜಿನಿಯರ್ ತಲೆಯೆತ್ತಿ ನೋಡಿದ. ಯುದ್ಧದಲ್ಲಿ ಸೆರೆಸಿಕ್ಕ ಸೈನಿಕರ ಕೈಯಲ್ಲಿ ಕಟ್ಟಿಸಿದ ಕಾವಲುಮನೆ ಅದು. ದುಂಡು ಗೋಡೆ, ಅದರ ಮೇಲೆ ಕಲ್ಲಿನದೇ ಗುಮ್ಮಟ. ಗಾಳಿಗೆ ಸವೆದ ಕಲ್ಲುಗಳು ಮುದುಕರ ಹಲ್ಲಿನಂತೆ ಕಂದಿದ್ದವು. ಗುಮ್ಮಟದ ನೆತ್ತಿಯಲ್ಲಿ ಒಂದೇ ಕಲ್ಲಿನಷ್ಟು ತೂತು. ಅಲ್ಲಿಂದ ಇಳಿದ ಮಧ್ಯಾಹ್ನದ ಬಿಸಿಲು ನೆಲಕ್ಕೆ ಕೋಲಿನಂತೆ ಊರಿಕೊಂಡಿತ್ತು.

“ಮಳೆ ಬಂದ್ರೆ ನಿಮ್ಮಜ್ಜ ಬಂದು ಕೊಡೆ ಹಿಡೀತಾನಾ?”

ಆಳುಗಳು ಬಾಯಿ ಮುಚ್ಚಿಕೊಂಡು ನಕ್ಕರು. ಮೇಸ್ತ್ರಿ ನಗಲಿಲ್ಲ.

“ಗುಮ್ಮಟ ಮುಗಿದ ದಿನ ಮನೆಗೆ ಕಳಿಸ್ತೀವಿ ಅಂತ ಆ ಕೈದಿಗಳಿಗೆ ಮಾತು ಕೊಟ್ಟಿದ್ರಂತೆ. ಪಾಪ, ಹಗಲೂ ರಾತ್ರಿ ದುಡಿದು ಮುಗಿಸಿದ್ರು. ಮಾರನೇ ದಿನ ಲಾರಿ ಬಂತು. ಮನೆಗಲ್ಲ, ಇನ್ನೊಂದು ಕಲ್ಲುಗಣಿಗೆ. ಅವರಲ್ಲೊಬ್ಬ ಮಾಟ ಬಲ್ಲವನಿದ್ದ. ಲಾರಿ ಹತ್ತೋ ಮುಂಚೆ ನೆತ್ತಿಕಲ್ಲು ಕಿತ್ತು, ಎಲ್ಲರ ಬೆರಳಿಂದ ಒಂದೊಂದು ಹನಿ ರಕ್ತ ಸವರಿ, ಹೊಸಿಲ ಹತ್ತಿರ ಹೂತನಂತೆ. ಇದನ್ನ ಮುಗಿಸಿದವನಿಗೆ ಕೆಲಸ ಮುಗೀದೇ ಇರಲಿ, ಮನೆ ಸಿಗದೇ ಇರಲಿ ಅಂತ. ಮೊನ್ನೆ ನೀವು ಅಗೆಸಿದಾಗ ಸಿಕ್ಕಿದ್ದು ಅದೇ ಕಲ್ಲು.”

“ಒಳ್ಳೇದೇ ಆಯ್ತಲ್ಲ. ಹೊಸದು ಕಡೆಯೋ ಶ್ರಮ ತಪ್ಪಿತು.”

ಅಷ್ಟರಲ್ಲಿ ಫೋನು ಬಂತು. ಹೆಂಡತಿ. ಅವಳಿಗೆ ದಿನ ತುಂಬಿತ್ತು; ಕೆಲಸ ಮುಗಿದ ವರದಿ ಕೊಟ್ಟರೆ ಮಾತ್ರ ಅವನಿಗೆ ರಜೆ.

“ರೀ, ನೋವು ಶುರುವಾದ ಹಾಗಿದೆ. ಯಾವಾಗ ಬರ್ತೀರಿ?”

“ಇದೊಂದು ಕಲ್ಲು ಇಟ್ಟು ಹೊರಟೆ ಅಂತಲೇ ತಿಳ್ಕೋ.”

ಮೇಸ್ತ್ರಿ ಕರಣೆಯನ್ನು ನೆಲಕ್ಕಿಟ್ಟ. “ನನ್ನ ಕೈಲಾಗಲ್ಲ ಸಾರ್.” ಆಳುಗಳೂ ಅವನ ಹಿಂದೆಯೇ ದಿಬ್ಬ ಇಳಿದುಹೋದರು.

ಎಂಜಿನಿಯರ್ ತಾನೇ ಹೊರಗಿನ ಏಣಿ ಹತ್ತಿದ. ತೂತಿನ ಅಂಚಿಗೆ ಗಾರೆ ಬಳಿದು ಕಲ್ಲು ಕೂರಿಸಿದ. ತಟ್ಟಬೇಕಾಗಲೇ ಇಲ್ಲ. ಕಾದು ಕೂತಿದ್ದ ಬಾಯಿ ತುತ್ತನ್ನು ನುಂಗಿದಂತೆ ಗುಮ್ಮಟ ಅದನ್ನು ಒಳಗೆಳೆದುಕೊಂಡಿತು.

ವರದಿಗೆ ಒಂದು ಫೋಟೋ ಬೇಕಿತ್ತು. ಗಾರೆಯ ಬಾಣಲಿ ಹಿಡಿದೇ ಒಳಗೆ ಬಂದ. ಬಿಸಿಲಿನ ಕೋಲು ಇರಲಿಲ್ಲ. ಹಸಿ ಸುಣ್ಣದ ನಾತ. ಅದರಡಿ ಹಳೆಯ ಬೆವರಿನದು, ತುಕ್ಕಿನದು. ಗೋಡೆಯೊಳಗೆಲ್ಲೋ ಉಳಿಯ ಸದ್ದು, ಟಕ್, ಟಕ್. ಫೋನಿನ ಬೆಳಕು ಹಾಯಿಸಿದ. ಎದೆಯೆತ್ತರದಲ್ಲಿ ಒಂದು ಕಲ್ಲು ಬೆರಳಗಲ ಹೊರಗೆ ಬಂದಿತ್ತು.

ಹೀಗೇ ಬಿಟ್ಟುಹೋಗುವುದೇ? ಗಾರೆ ಹಚ್ಚಿ ಒತ್ತಿದ. ಕೂತಿತು. ಬೆನ್ನ ಹಿಂದೆ ಇನ್ನೊಂದು ಜಾರಿತು. ಅದನ್ನೂ ಒತ್ತಿದ. ಕಾಲ ಬಳಿ ಮತ್ತೊಂದು.

ಜೇಬಿನಲ್ಲಿ ಫೋನು ಅದುರಿತು. ಇದೊಂದು ಮುಗಿಸಿ ಎತ್ತೋಣವೆಂದುಕೊಂಡ. ಮತ್ತೆ ಅದುರಿತು. ಮತ್ತೆ. ಆಮೇಲೆ ನಿಂತುಹೋಯಿತು.

ಬಾಣಲಿಯ ಗಾರೆ ಖಾಲಿಯಾಗಲಿಲ್ಲ. ಅದು ಅವನಿಗೆ ವಿಚಿತ್ರವೆನಿಸಲೂ ಇಲ್ಲ. ಉಗುರು ಒಡೆದವು. ನೋವಿಲ್ಲ. ಅಕ್ಕಪಕ್ಕದಲ್ಲಿ ಯಾರದೋ ಏದುಸಿರು. ಒಬ್ಬನದಲ್ಲ. ತಿರುಗಿ ನೋಡಲು ಪುರಸೊತ್ತಿಲ್ಲ. ಹೊರಡಬೇಕು. ಅವಳು ಕಾಯುತ್ತಿದ್ದಾಳೆ. ಇದೊಂದು ಕಲ್ಲು. ಇದೊಂದೇ.

ಬಾಗಿಲ ಬೆಳಕಿಗೆ ನೆರಳು ಅಡ್ಡ ಬಂತು.

“ಅಮ್ಮಾ, ಅಪ್ಪ ಕಳೆದುಹೋಗಿದ್ದು ಇಲ್ಲೇನಾ?”

ಏಳೆಂಟು ವರ್ಷದ ಹುಡುಗಿ. ಮೂಗು ತನ್ನದೇ. ಅವಳ ಕೈ ಹಿಡಿದು ನಿಂತಿದ್ದವಳ ಬೈತಲೆಯಲ್ಲಿ ನರೆ. ಅವನ ಲೆಕ್ಕದಲ್ಲಿ ಒಳಗೆ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ.

ಕೂಗಬೇಕೆಂದು ಬಾಯಿ ತೆರೆದ. ಗಂಟಲ ತುಂಬ ಸುಣ್ಣ. ಬಾಗಿಲು ನಾಲ್ಕೇ ಹೆಜ್ಜೆ. ಒಂದು ಹೆಜ್ಜೆ ಇಟ್ಟ. ಪಕ್ಕದ ಗೋಡೆಯಲ್ಲಿ ಕಲ್ಲೊಂದು ಜಾರಿತು. ಕೈ ತಾನಾಗಿಯೇ ಅತ್ತ ಹೋಯಿತು.

“ಒಳಗೆ ಯಾರೋ ಕಲ್ಲು ಕುಟ್ತಿದ್ದಾರೆ ಅಮ್ಮಾ.”

“ಯಾರೂ ಇಲ್ಲ ಪುಟ್ಟಿ. ಗಾಳಿ. ಬಾ, ಹೊತ್ತಾಯ್ತು, ಮನೆಗೆ ಹೋಗೋಣ.”

ಬಂದೆ, ಎಂದುಕೊಂಡ ಅವನು, ಎರಡೂ ಕೈಯಿಂದ ಕಲ್ಲನ್ನು ಒತ್ತುತ್ತ. ಇಬ್ಬರೂ ನಿಲ್ಲಿ. ಬಂದೆ.